ಎರಡು ಹೊಳೆ, ಒಂದು ರಾತ್ರಿಯ ವಸ್ತಿ



ಮುಧೋಳದ ಬಸ್ ನಿಲ್ದಾಣ. ಶ್ರಾವಣದ ಒಂದು ಬೆಳಗು. ರಾತ್ರಿಯಿಡೀ ಜಿಟಿಜಿಟಿ ಮಳೆ ಹಿಡಿದಿದೆ. ವಿಚಾರಣೆ ಕಿಟಕಿಯ ಮುಂದೆ ನಾಲ್ಕಾರು ಜನ. ದೂರದೂರಿನಿಂದ ಬಂದ ಒಬ್ಬರು ಕೇಳುತ್ತಾರೆ: "ಯಾದವಾಡದ ಬಸ್ಸು ಎಷ್ಟು ಗಂಟೆಗೆ?" ಅವರ ಹಿಂದೆ ಬುತ್ತಿಗಂಟು ಹಿಡಿದ ಅಜ್ಜಿಯೊಬ್ಬಳು ನಿಂತಿದ್ದಾಳೆ. ಅವಳ ಪ್ರಶ್ನೆ ಬೇರೆ. "ಯಪ್ಪಾ, ಬ್ರಿಡ್ಜ್ ಮ್ಯಾಲ ನೀರ ಬಂದೈತೇನು?"

ಅಜ್ಜಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಈ ಸೀಮೆಯಲ್ಲಿ ಬಸ್ಸಿನ ಹೊತ್ತು ಕೇಳುವ ಮೊದಲು ಹೊಳೆಯ ಸುದ್ದಿ ಕೇಳಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಬರುವವರು, ಹೊಳೆದಂಡೆಯಲ್ಲಿ ಒಂದು ರಾತ್ರಿ ತಂಗಬೇಕು ಎನ್ನುವವರು, ಹೇಗೆ ಬರಬೇಕು? ಕಾರಿನಲ್ಲೇ? ಬಸ್ಸಿನಲ್ಲೇ? ರೈಲಿನಲ್ಲೇ? ಇಂದಿನ ಮಾತು ಇದರ ಬಗ್ಗೆ.

ಬಾನುಲಿಯಲ್ಲಿ ನಕಾಶೆ ತೋರಿಸಲು ಬರುವುದಿಲ್ಲ. ಆದ್ದರಿಂದ ಕೇಳುಗರು ಒಂದು ಸಣ್ಣ ಕೆಲಸ ಮಾಡಬೇಕು. ಕುಳಿತಲ್ಲೇ ಪೂರ್ವಕ್ಕೆ ಮುಖ ಮಾಡಿ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ. ಬೆರಳ ತುದಿಗಳನ್ನು ಒಂದಕ್ಕೊಂದು ತಾಗಿಸಿ. ಎಡಗೈ ಕೃಷ್ಣಾ ನದಿ. ಬಲಗೈ ಘಟಪ್ರಭಾ ನದಿ. ಬೆರಳುಗಳು ಕೂಡಿದ ಜಾಗ ಚಿಕ್ಕಸಂಗಮ, ಬೀಳಗಿ ತಾಲ್ಲೂಕಿನದು. ಅಲ್ಲಿ ಘಟಪ್ರಭೆ ಕೃಷ್ಣೆಯೊಳಗೆ ಸೇರುತ್ತಾಳೆ.

ಈಗ ಎರಡು ಕೈಗಳ ನಡುವೆ ಉಳಿದ ಬಯಲನ್ನು ನೋಡಿ. ನಮ್ಮ ನಾಲ್ಕೂ ಊರುಗಳು ಅಲ್ಲೇ ಇವೆ. ಎಡಗೈಯ ಮಣಿಕಟ್ಟಿನ ಹತ್ತಿರ ರಬಕವಿ-ಬನಹಟ್ಟಿ. ಅದರ ಮುಂದೆ, ಅದೇ ಕೈಯ ಕಡೆ, ಜಮಖಂಡಿ. ಬಲ ಅಂಗೈಗೆ ಒತ್ತಿಕೊಂಡು ಮುಧೋಳ. ಬೆರಳುಗಳು ಕೂಡುವ ಇಕ್ಕಟ್ಟಿನಲ್ಲಿ ಬೀಳಗಿ. ನಿಮ್ಮ ಎದೆಯ ಕಡೆ ಪಶ್ಚಿಮ. ಅಲ್ಲಿ ಕುಡಚಿ, ರಾಯಬಾಗ, ಬೆಳಗಾವಿ ಜಿಲ್ಲೆ.

ಇದನ್ನು ನೆನಪಿನಲ್ಲಿಡಿ. ಉತ್ತರದಿಂದ ಬಂದರೆ ಕೃಷ್ಣೆಯನ್ನು ದಾಟಬೇಕು. ದಕ್ಷಿಣದಿಂದ ಬಂದರೆ ಘಟಪ್ರಭೆಯನ್ನು ದಾಟಬೇಕು. ಪಶ್ಚಿಮದ ಕುಡಚಿ ಕಡೆಯಿಂದ, ಹಾರೂಗೇರಿ, ತೇರದಾಳದ ಮೇಲೆ ಬಂದರೆ ಮಾತ್ರ ಎರಡರಲ್ಲಿ ಯಾವ ಹೊಳೆಯೂ ಅಡ್ಡ ಬರುವುದಿಲ್ಲ. ಮಹಾಪೂರದ ದಿನಗಳಲ್ಲಿ ಈ ಪಡುವಣ ದಾರಿಯ ಬೆಲೆ ಗೊತ್ತಾಗುತ್ತದೆ.

ಹಾಗಾದರೆ ಈ ನಾಡಿನ ಬಾಗಿಲುಗಳೆಂದರೆ ಸೇತುವೆಗಳು. ಒಂದೊಂದನ್ನೇ ನೋಡೋಣ.

ವಿಜಯಪುರದಿಂದ ಜಮಖಂಡಿಗೆ ಬರುವವರು ಬಬಲೇಶ್ವರದ ಮೇಲೆ ಬರುತ್ತಾರೆ. ಸುಮಾರು 65 ಕಿಲೋಮೀಟರ್ ದಾರಿ. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ದಾಟುತ್ತಾರೆ. ಬಸ್ಸು ಸೇತುವೆಯ ಮೇಲೆ ಹೋಗುವಾಗ ಕಿಟಕಿಯ ಪಕ್ಕದವರು ಮಾತು ನಿಲ್ಲಿಸಿ ನೀರು ನೋಡುತ್ತಾರೆ. ಕೆಲವರು ಕೈ ಮುಗಿಯುತ್ತಾರೆ. ಇನ್ನು ಕೆಲವರು ಒಂದು ನಾಣ್ಯವನ್ನು ಹೊಳೆಗೆ ಎಸೆಯುತ್ತಾರೆ.

ಈ ಚಿಕ್ಕಪಡಸಲಗಿಯಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. ಅದನ್ನು ಕಟ್ಟಿದವರು ರೈತರು. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಆಗ ಬೇಸಿಗೆಯಲ್ಲಿ ಮರಳಾಗಿ ಮಲಗುತ್ತಿದ್ದಳು. ಹೊಳೆಯ ದಂಡೆಯಲ್ಲೇ ಹೊಲ, ಆದರೆ ಪಂಪಿಗೆ ನೀರಿಲ್ಲ. ಸರ್ಕಾರದ ದಾರಿ ಕಾದು ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಮನೆಮನೆಯಿಂದ ವಂತಿಗೆ ಬಂತು, ಆಳು ಬಂತು, ಶ್ರಮದಾನ ಬಂತು. 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ಅದರ ಹೆಸರು ಶ್ರಮಬಿಂದು ಸಾಗರ. ಬೆವರಿನ ಹನಿ ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ನ್ಯಾಮಗೌಡರನ್ನು ಜನ ಮುಂದೆ ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಹೊಳೆಗೆ ಕಟ್ಟಿದ ಒಂದು ಗೋಡೆ ಅಂಥ ದೊಡ್ಡ ಹೆಸರಿನ ನಾಯಕರನ್ನು ಹಿಂದೆ ಸರಿಸಿತು.

ಪ್ರವಾಸದ ಮಾತಿನಲ್ಲಿ ಇದೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಇಂದು ಬೇಸಿಗೆಯಲ್ಲೂ ಜಮಖಂಡಿ ಸೀಮೆಯ ಹೊಳೆದಂಡೆಗೆ ಹೋದರೆ ಅಲ್ಲಿ ನೀರು ಕಾಣುತ್ತದೆ. ದಂಡೆಯುದ್ದಕ್ಕೂ ಕಬ್ಬಿನ ಹಸಿರು ಕಾಣುತ್ತದೆ. ಹೊಳೆ ನೋಡಲು ಬಂದವರಿಗೆ ಹೊಳೆ ಸಿಗುವುದರಲ್ಲಿ ಆ ರೈತರ ಪಾಲೂ ಇದೆ.

ಚಿಕ್ಕಪಡಸಲಗಿಯ ಬಾಗಿಲು ಕಂಡಿರಿ. ಅದು ಜಮಖಂಡಿಯ ಬಾಗಿಲು. ಇನ್ನು ಬೀಳಗಿಯ ಬಾಗಿಲು.

ಬೀಳಗಿಗೆ ಎರಡು ಕಡೆ ದೊಡ್ಡ ಸೇತುವೆ. ದಕ್ಷಿಣಕ್ಕೆ ಅನಗವಾಡಿ. ಬಾಗಲಕೋಟೆಯಿಂದ ಬರುವವರು ಅಲ್ಲಿ ಘಟಪ್ರಭೆಯನ್ನು ದಾಟುತ್ತಾರೆ. ಉತ್ತರಕ್ಕೆ ಕೊರ್ತಿ–ಕೋಲ್ಹಾರ ಸೇತುವೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಅದರ ಮೇಲೆಯೇ ಹೋಗುತ್ತದೆ. ಉದ್ದ ಹತ್ತಿರಹತ್ತಿರ 3 ಕಿಲೋಮೀಟರ್. ಒಂದು ಹೊಳೆಗೆ ಇಷ್ಟು ಉದ್ದದ ಸೇತುವೆ ಯಾಕೆ? ಅಲ್ಲಿ ಕೃಷ್ಣೆ ಹೊಳೆಯಾಗಿ ಉಳಿದಿಲ್ಲ. ಕೆಳಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಇದೆ. ಅದರ ಹಿನ್ನೀರು ಇಲ್ಲಿ ತುಂಬಿ ನಿಂತಿದೆ. ಸೇತುವೆಯ ಮೇಲೆ ಕಾರು ಹೋಗುವಾಗ ಎರಡೂ ಕಡೆ ನೀರು, ಕಣ್ಣು ಹಾಯಿಸಿದಷ್ಟು ದೂರ ನೀರು. ಸಮುದ್ರ ಕಾಣದ ಬಯಲುಸೀಮೆಯ ಮಕ್ಕಳು ಬಸ್ಸಿನಲ್ಲಿ ಎದ್ದು ನಿಲ್ಲುವ ಜಾಗ ಅದು. ಸೇತುವೆ ದಾಟಿದ ಮೇಲೆ ಕೋಲ್ಹಾರ. ಅಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು ಮಾರುತ್ತಾರೆ. ಗಟ್ಟಿ ಮೊಸರು. ಜೋಳದ ರೊಟ್ಟಿಗೂ ಶೇಂಗಾ ಹಿಂಡಿಗೂ ಅದರ ಜೊತೆ ಚೆನ್ನ.

ಇಲ್ಲಿ ಕಾರಿನವರಿಗೆ ಒಂದು ಮುಖ್ಯ ಮಾತು. ಆಲಮಟ್ಟಿಯ ಹಿನ್ನೀರಿನಲ್ಲಿ ಈ ಭಾಗದ ಅನೇಕ ಹಳ್ಳಿಗಳು ಮುಳುಗಿವೆ. ಜನ ಎತ್ತರದ ಜಾಗಕ್ಕೆ ಹೋಗಿ ಹೊಸ ಊರು ಕಟ್ಟಿಕೊಂಡಿದ್ದಾರೆ. ಅವನ್ನು ಪುನರ್ವಸತಿ ಕೇಂದ್ರ ಎನ್ನುತ್ತಾರೆ. ಆಡುಮಾತಿನಲ್ಲಿ ಆರ್.ಸಿ. ಹೆಸರು ಒಂದೇ, ಊರು ಎರಡು. ಒಂದು ಹಳೇ ಊರು, ಇನ್ನೊಂದು ಹೊಸ ಊರು. ಮೊಬೈಲಿನ ನಕಾಶೆ ನಂಬಿ ಹೊರಟವರು ಕೆಲವೊಮ್ಮೆ ಹಳೇ ಊರಿನ ದಾರಿ ಹಿಡಿದು ನೀರಿನ ಅಂಚಿಗೆ ಬಂದು ನಿಲ್ಲುತ್ತಾರೆ. ಮುಂದೆ ಡಾಂಬರು ರಸ್ತೆ ನೇರವಾಗಿ ನೀರಿನೊಳಗೆ ಇಳಿದಿರುತ್ತದೆ. ಆದ್ದರಿಂದ ಬೀಳಗಿ ತಾಲ್ಲೂಕಿನಲ್ಲಿ ದಾರಿ ಕೇಳುವಾಗ ಊರಿನ ಹೆಸರಷ್ಟೇ ಸಾಲದು. "ಹೊಸಾ ಊರಿಗೋ, ಹಳೇ ಊರಿಗೋ?" ಎಂದೂ ಕೇಳಿಕೊಳ್ಳಬೇಕು.

ಈ ನೀರು ಇನ್ನೂ ಏರಬಹುದು. ಈಗ ಆಲಮಟ್ಟಿಯ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 519 ಮೀಟರ್. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ ಅದನ್ನು 524 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಅಷ್ಟು ಏರಿದ ದಿನ ಇನ್ನೂ ಕೆಲವು ಊರು ಬದಲಾಗುತ್ತವೆ, ಇನ್ನೂ ಕೆಲವು ದಾರಿ ಬದಲಾಗುತ್ತವೆ.

ಇಲ್ಲಿಯವರೆಗೆ ಉತ್ತರದಲ್ಲಿ ಚಿಕ್ಕಪಡಸಲಗಿ ಮತ್ತು ಕೋಲ್ಹಾರ, ದಕ್ಷಿಣದಲ್ಲಿ ಅನಗವಾಡಿ. ಉಳಿದದ್ದು ಮುಧೋಳ ಮತ್ತು ರಬಕವಿ.

ಮುಧೋಳ ಕವಿ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿ ಹತ್ತನೇ ಶತಮಾನದಲ್ಲಿ ಚಾಲುಕ್ಯರ ಆಸ್ಥಾನ ಮುಟ್ಟಿದ ಕವಿ. ಘೋರ್ಪಡೆ ಅರಸರ ರಾಜಧಾನಿಯೂ ಹೌದು, ಬೇಟೆನಾಯಿಗಳಿಂದ ಹೆಸರಾದ ಊರೂ ಹೌದು. ಘಟಪ್ರಭೆ ಊರಿನ ದಕ್ಷಿಣಕ್ಕೆ ಹರಿಯುತ್ತಾಳೆ. ಲೋಕಾಪುರದ ಕಡೆಯಿಂದ ಬರುವವರು ಚಿಂಚಖಂಡಿ ಸೇತುವೆಯ ಮೇಲೆ ಬರುತ್ತಾರೆ. ಯಾದವಾಡದ ಕಡೆಯಿಂದ ಬರುವವರಿಗೆ ಬೇರೆ ಸೇತುವೆ. ಈ ಯಾದವಾಡ ಸೇತುವೆ ತಗ್ಗಿನದು. ಘಟಪ್ರಭೆ ಉಕ್ಕಿದಾಗ ಅದು ನೀರಿನೊಳಗೆ ಹೋಗುತ್ತದೆ. ಆಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗುತ್ತಾರೆ: "ಯಾದವಾಡ ಬ್ರಿಡ್ಜ್ ಬಂದ್ ಆಗೇತ್ರಿ, ಲೋಕಾಪುರ ಸುತ್ತಿ ಹೋಗತೈತಿ." ಅಜ್ಜಿ ಕೇಳಿದ್ದು ಈ ಸೇತುವೆಯನ್ನೇ.

ಮುಧೋಳ ತಾಲ್ಲೂಕಿನಲ್ಲೇ ಮಾಚಕನೂರು ಇದೆ. ಅಲ್ಲಿ ಘಟಪ್ರಭೆಯ ದಂಡೆಯಲ್ಲಿ ಹೊಳೆಬಸವೇಶ್ವರನ ಗುಡಿ. ದೇವರ ಹೆಸರಿನಲ್ಲೇ ಹೊಳೆ ಇದೆ. ಪ್ರವಾಹ ಬಂದ ವರ್ಷ ಗುಡಿಯೊಳಗೆ ನೀರು ನಿಲ್ಲುತ್ತದೆ. ಸುತ್ತಿನ ರೈತರಿಗೆ ಅದೇ ಅಳತೆಗೋಲು. ಗುಡಿಗೆ ನೀರು ಬಂತೆಂದರೆ ಎತ್ತು ಎಮ್ಮೆಗಳನ್ನು ಮೇಲಕ್ಕೆ ಹೊಡೆದುಕೊಂಡು ಹೋಗುವ ಹೊತ್ತು ಬಂತೆಂದೇ ಅರ್ಥ.

ಇನ್ನು ರಬಕವಿ-ಬನಹಟ್ಟಿ. ಇವು ಅವಳಿ ಊರುಗಳು. ಒಂದರ ಮಗ್ಗದ ಸದ್ದು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರ. ಇಲ್ಲಿಂದ ಹೊರಡುವ ಬಸ್ಸಿನ ಮೇಲೆ, ಸೀಟಿನ ಕೆಳಗೆ, ಸೀರೆಯ ಗಂಟು ಇಲ್ಲದಿದ್ದರೆ ಆ ದಿನ ಏನೋ ಕಡಿಮೆ ಎನಿಸುತ್ತದೆ. ಜಮಖಂಡಿಯಿಂದ ಇಲ್ಲಿಗೆ 20 ಕಿಲೋಮೀಟರ್ ಆಸುಪಾಸು. ಬೆಳಗಾವಿ, ಗೋಕಾಕದ ಕಡೆಯಿಂದ ಇದೇ ತಾಲ್ಲೂಕಿನ ಮಹಾಲಿಂಗಪುರಕ್ಕೆ ಬರುವವರು ಘಟಪ್ರಭೆಯನ್ನು ದಾಟಿ ಬರುತ್ತಾರೆ. ಆ ಭಾಗದ ಢವಳೇಶ್ವರ, ನಂದಗಾಂವ ಸೇತುವೆಗಳೂ ಮಳೆಗಾಲದಲ್ಲಿ ಮುಳುಗುವ ಪಟ್ಟಿಯಲ್ಲಿವೆ.

ರಬಕವಿಯ ಉತ್ತರಕ್ಕೆ ಕೃಷ್ಣೆ. ಆಚೆ ದಂಡೆಯಲ್ಲಿ ಮಹಿಷವಾಡಗಿ, ಅದು ಅಥಣಿ ಕಡೆಯ ದಾರಿ. ಈ ದಂಡೆಗೂ ಆ ದಂಡೆಗೂ ಎಷ್ಟೋ ವರ್ಷ ದೋಣಿಯೇ ಬಸ್ಸು. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಮೋಟಾರ್ ಸೈಕಲ್ಲು, ಮದುವೆಗೆ ಹೊರಟವರು, ಎಲ್ಲರೂ ಅದೇ ದೋಣಿಯಲ್ಲಿ. ಹೊಳೆ ತುಂಬಿದಾಗ ದೋಣಿ ನಿಲ್ಲುತ್ತದೆ. ಕಣ್ಣೆದುರಿಗೆ ಕಾಣುವ ಊರಿಗೆ ಹತ್ತಾರು ಕಿಲೋಮೀಟರ್ ಸುತ್ತು ಹಾಕಿ ಹೋಗಬೇಕಾಗುತ್ತದೆ. ಜಮಖಂಡಿ ತಾಲ್ಲೂಕಿನ ಮುತ್ತೂರು, ಕಂಕಣವಾಡಿಯ ರೈತರ ಕಥೆಯೂ ಹೆಚ್ಚುಕಡಿಮೆ ಇದೇ. ನಡುಗಡ್ಡೆಯ ಹೊಲಕ್ಕೆ ಹೋಗಲು ಅವರಿಗೆ ದೋಣಿ ಬೇಕು. ಹೊಳೆ ನೋಡಲು ಬಂದವರಿಗೆ ದೋಣಿ ಒಂದು ಸಂತೋಷ. ಅಲ್ಲಿನವರಿಗೆ ಅದು ದಿನದ ದುಡಿಮೆಯ ದಾರಿ. ದೋಣಿ ಹತ್ತುವವರು ಮೊದಲು ಅವರಿಗೆ ಜಾಗ ಬಿಡಬೇಕು. ತುಂಬಿದ ದೋಣಿಗೆ ಯಾರೂ ಹತ್ತಬಾರದು.

ಬಾಗಿಲುಗಳ ಮಾತು ಮುಗಿಯಿತು. ಎರಡು ಹೊಳೆ, ಅವುಗಳ ಮೇಲಿನ ಸೇತುವೆಗಳು, ಒಂದು ಒಣದಾರಿ ಪಶ್ಚಿಮಕ್ಕೆ. ಈಗ ವಾಹನದ ಮಾತು.

ಮೊದಲು ಬಸ್ಸು. ಈ ಸೀಮೆಯ ಕೆಂಪು ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಹುಬ್ಬಳ್ಳಿ–ವಿಜಯಪುರ ಬಸ್ಸಿನಲ್ಲಿ ಬರುವವರು ನೆನಪಿಡಬೇಕಾದ ಜಾಗ ಒಂದೇ, ಗದ್ದನಕೇರಿ ಕ್ರಾಸ್. ಬಾಗಲಕೋಟೆಯ ಹತ್ತಿರದ ಕೂಡುರಸ್ತೆ ಅದು. ಬೀಳಗಿಗೆ ಹೋಗುವವರು ಅದೇ ಬಸ್ಸಿನಲ್ಲಿ ಮುಂದುವರಿದು ಬೀಳಗಿ ಕ್ರಾಸಿನಲ್ಲಿ ಇಳಿಯಬಹುದು. ಮುಧೋಳ, ಜಮಖಂಡಿಗೆ ಹೋಗುವವರು ಗದ್ದನಕೇರಿಯಲ್ಲಿ ಇಳಿದು ಪಶ್ಚಿಮಕ್ಕೆ ತಿರುಗುವ ಬಸ್ಸು ಹತ್ತಬೇಕು. ಆ ಬಸ್ಸು ತುಳಸಿಗೇರಿ, ಕಲಾದಗಿ, ಲೋಕಾಪುರದ ಮೇಲೆ ಮುಧೋಳ ಮುಟ್ಟುತ್ತದೆ. ಬಾಗಲಕೋಟೆಯಿಂದ ಮುಧೋಳಕ್ಕೆ 60 ಕಿಲೋಮೀಟರಿಗೆ ತುಸು ಕಡಿಮೆ. ಮುಧೋಳದಿಂದ ಜಮಖಂಡಿಗೆ ಇನ್ನು ಇಪ್ಪತ್ತು, ಇಪ್ಪತ್ತೆರಡು.

ನಡುವಿನ ಕಲಾದಗಿಯನ್ನು ಸುಮ್ಮನೆ ದಾಟಿ ಹೋಗಬಾರದು. ಘಟಪ್ರಭೆಯ ಬಲದಂಡೆಯ ಈ ಊರು ಒಂದು ಕಾಲಕ್ಕೆ ಜಿಲ್ಲೆಯ ಕೇಂದ್ರ. ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಿತ್ತು. 1884ರಲ್ಲಿ ಈ ಸೀಮೆಗೆ ರೈಲು ಬಂತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ಇಂದು ಬಸ್ಸು ನಿಂತಾಗ ದಾಳಿಂಬೆ, ಚಿಕ್ಕು ಬುಟ್ಟಿಗಳು ಕಿಟಕಿಯವರೆಗೆ ಏರಿ ಬರುತ್ತವೆ. ಕಲಾದಗಿಯ ಹಣ್ಣಿನ ತೋಟಗಳು ಇಂದಿಗೂ ಹೆಸರುವಾಸಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಗುರುತಿನ ಚೀಟಿ ಜೊತೆಗಿರಬೇಕು. ಮಿರಜ, ಸಾಂಗ್ಲಿಯಂಥ ಮಹಾರಾಷ್ಟ್ರದ ಊರುಗಳಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ನಾಲ್ಕೈದು ಹೆಣ್ಣುಮಕ್ಕಳು ಸೇರಿ ಹೊಳೆ ನೋಡಿ, ದೇವರು ಮಾಡಿ ಬರುವ ಪ್ರವಾಸ ಈಗ ಮೊದಲಿಗಿಂತ ಸುಲಭವಾಗಿದೆ. ಜಮಖಂಡಿ ತಾಲ್ಲೂಕಿನ ಶೂರ್ಪಾಲಿಗೆ, ಕೃಷ್ಣಾತೀರದ ನರಸಿಂಹನ ಗುಡಿಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ.

ತಾಲ್ಲೂಕು ಊರಿನಿಂದ ಹೊಳೆಯ ಹಳ್ಳಿಗೆ ಹೋಗಲು ಟಂಟಂ ಇದೆ, ಕ್ರೂಸರ್ ಗಾಡಿ ಇದೆ. ಸೀಟು ತುಂಬಿದ ಮೇಲೆಯೇ ಅವು ಹೊರಡುತ್ತವೆ. ಹೊತ್ತು ಮುಳುಗಿದ ಮೇಲೆ ಅವು ಸಿಗುವುದು ಕಷ್ಟ. ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಂತು ಬೆಳಗ್ಗೆ ಮೊದಲಿಗೆ ಹೊರಡುವ ಬಸ್ಸಿಗೆ ಇಲ್ಲಿ ವಸ್ತಿ ಬಸ್ಸು ಎನ್ನುತ್ತಾರೆ. ಹಳ್ಳಿಯಲ್ಲಿ ತಂಗುವವರು ಈ ವಸ್ತಿ ಬಸ್ಸಿನ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಬಸ್ಸಿನ ಮಾತಾಯಿತು. ಈಗ ಕಾರು.

ಕಾರಿನವರಿಗೆ ದಾರಿಗಳು ಅವೇ. ಎಚ್ಚರ ಮಾತ್ರ ಬೇರೆ. ದೀಪಾವಳಿಯ ಆಸುಪಾಸಿನಿಂದ ಶಿವರಾತ್ರಿ ದಾಟುವವರೆಗೆ ಇದು ಕಬ್ಬಿನ ನಾಡು. ಮುಧೋಳ, ಸಮೀರವಾಡಿ, ಜಮಖಂಡಿ ಸುತ್ತಿನ ಸಕ್ಕರೆ ಕಾರ್ಖಾನೆಗಳಿಗೆ ಹಗಲೂ ರಾತ್ರಿ ಕಬ್ಬು ಹೋಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಎರಡರ ಮೇಲೂ ಅಗಲಕ್ಕೆ ಚಾಚಿದ ಕಬ್ಬಿನ ಹೊರೆ. ಹಿಂದೆ ಕೆಂಪು ದೀಪ ಇರಬೇಕು. ಎಷ್ಟೋ ಗಾಡಿಗಳಿಗೆ ಇರುವುದಿಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಬಿದ್ದಾಗ ಮುಂದಿನ ಟ್ರೇಲರ್ ಕತ್ತಲಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಕಾರಿನವರು ಹಗಲಿನಲ್ಲೇ ಬಂದು ಸೇರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹೊಳೆಗೆ ಬ್ಯಾರೇಜು ಕಟ್ಟಿದ ಸಿದ್ದು ನ್ಯಾಮಗೌಡರು ಜಮಖಂಡಿಯಿಂದ ಮತ್ತೆ ಶಾಸಕರಾಗಿ ಕೆಲವೇ ದಿನಗಳಾಗಿದ್ದವು. 2018ರ ಮೇ 28ರ ನಸುಕಿನಲ್ಲಿ, ಬಾಗಲಕೋಟೆ–ಮುಧೋಳ ದಾರಿಯ ತುಳಸಿಗೇರಿಯ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅಂದು ಅವರು ಬಂದದ್ದು ಕಬ್ಬಿನ ಕಾಲದಲ್ಲಲ್ಲ. ಆದರೂ ಕತ್ತಲ ದಾರಿ ಎಂಥವರನ್ನು ಕಳೆಯುತ್ತದೆ ಎಂಬುದು ಈ ಸೀಮೆಗೆ ಮರೆಯುವ ಹಾಗಿಲ್ಲ.

ರೈಲಿನ ಮಾತು ಚಿಕ್ಕದು. ನಾಲ್ಕೂ ತಾಲ್ಲೂಕು ಊರುಗಳ ಜನ ರೈಲು ಹತ್ತಲು ಬೇರೆ ಊರಿಗೆ ಹೋಗುತ್ತ ಬಂದವರು. ಪೂರ್ವಕ್ಕೆ ಬಾಗಲಕೋಟೆ ನಿಲ್ದಾಣ. ಮೈಸೂರು, ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಅಲ್ಲಿಗೆ ಬರುತ್ತದೆ. ಪಶ್ಚಿಮಕ್ಕೆ ಕುಡಚಿ ನಿಲ್ದಾಣ, ಅದು ಬೆಳಗಾವಿ–ಮಿರಜ ಮಾರ್ಗದಲ್ಲಿದೆ. ಬೆಂಗಳೂರಿನಿಂದ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಆ ಮಾರ್ಗದಲ್ಲಿ ಹೋಗುತ್ತದೆ. ರಬಕವಿ-ಬನಹಟ್ಟಿಯವರಿಗೆ ಕುಡಚಿ ಹತ್ತಿರ, ಸುಮಾರು 40 ಕಿಲೋಮೀಟರ್. ಬೀಳಗಿಯವರಿಗೆ ಬಾಗಲಕೋಟೆ ಹತ್ತಿರ, ಸುಮಾರು 30. ಈ ಎರಡು ನಿಲ್ದಾಣಗಳನ್ನು ಜೋಡಿಸುವ ಬಾಗಲಕೋಟೆ–ಕುಡಚಿ ಮಾರ್ಗ 2010ರಲ್ಲಿ ಮಂಜೂರಾಯಿತು. ಉದ್ದ ಸುಮಾರು 140 ಕಿಲೋಮೀಟರ್. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗಿನ ಮೊದಲ ತುಂಡು, ಮೂವತ್ತು ಕಿಲೋಮೀಟರಿನಷ್ಟು, ಮುಗಿಯಲು ವರ್ಷಗಳೇ ಹಿಡಿದವು. ಇದಕ್ಕಾಗಿ ಜನ ಧರಣಿ ಕೂತಿದ್ದಾರೆ, ಬಂದ್ ಮಾಡಿದ್ದಾರೆ. ರೈಲು ಬಂದರೂ ಅದೂ ಘಟಪ್ರಭೆಯನ್ನು ದಾಟಿಯೇ ಬರಬೇಕು. ವಿಮಾನದವರಿಗೆ ಬೆಳಗಾವಿ ಇಲ್ಲವೆ ಹುಬ್ಬಳ್ಳಿ. ಅಲ್ಲಿಂದ ಮೂರು ತಾಸಿನ ರಸ್ತೆ.

ಬಂದು ಸೇರುವ ದಾರಿ ತಿಳಿಯಿತು. ಬಸ್ಸು, ಕಾರು, ರೈಲು, ಮೂರರ ಮಾತೂ ಆಯಿತು. ಇನ್ನು ತಂಗುವುದೆಲ್ಲಿ?

ಹಳೆಯ ಕಾಲದಲ್ಲಿ ಹೊಳೆಯ ಹತ್ತಿರ ಪ್ರಯಾಣಿಕರು ತಂಗುವ ಬಂಗಲೆ ಇರುತ್ತಿದ್ದುದಕ್ಕೆ ಕಾರಣ ಸರಳ. ಸೇತುವೆ ಇರಲಿಲ್ಲ. ಕುದುರೆಯಲ್ಲೋ ಚಕ್ಕಡಿಯಲ್ಲೋ ಬಂದವರು ದೋಣಿಗಾಗಿ, ಹರಗೋಲಿಗಾಗಿ ಕಾಯಬೇಕಿತ್ತು. ನೆರೆ ಇಳಿಯುವವರೆಗೆ ಎರಡು ದಿನವಾದರೂ ಸರಿ, ನಾಲ್ಕು ದಿನವಾದರೂ ಸರಿ. ಹೊಳೆ ಕಾಯಿಸಿದ ರಾತ್ರಿಗಳಿಗೆ ಒಂದು ಸೂರು ಬೇಕಾಗಿತ್ತು. ಸೇತುವೆ ಬಂದ ಮೇಲೆ ಕಾಯುವ ಕೆಲಸ ತಪ್ಪಿತು. ವಸತಿ ಊರಿನೊಳಗೆ ಸರಿಯಿತು.

ಈಗ ತಾಲ್ಲೂಕು ಊರುಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಿವೆ. ಜನ ಐ.ಬಿ. ಎನ್ನುತ್ತಾರೆ. ಕೋಣೆ ಬೇಕಾದವರು ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ ಕಾದಿರಿಸಬೇಕು. ಅಧಿಕಾರಿಗಳು, ಮಂತ್ರಿಗಳು ಬಂದರೆ ಕೋಣೆ ಸಿಗದು. ಆದ್ದರಿಂದ ಖಾಸಗಿ ಲಾಡ್ಜಿನ ಇನ್ನೊಂದು ವ್ಯವಸ್ಥೆ ಮನಸ್ಸಿನಲ್ಲಿರಬೇಕು. ಊರಿನಲ್ಲಿ ತಂಗಿ, ಬೆಳಗ್ಗೆ ಎದ್ದು ಹೊಳೆಗೆ ಹೋಗಿ ಬರುವುದು ಇಲ್ಲಿನ ವಾಡಿಕೆ.

ಕಿಟಕಿ ತೆರೆದರೆ ನೀರು ಕಾಣಬೇಕು ಎನ್ನುವವರು ಇನ್ನೂ ಸ್ವಲ್ಪ ಪೂರ್ವಕ್ಕೆ ಹೋಗಬೇಕು. ನಿಮ್ಮ ಬೆರಳ ತುದಿಗಳಿಂದ ತುಸು ಮುಂದೆ. ಅಲ್ಲಿ ಆಲಮಟ್ಟಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟು. ಅದು ರಾಷ್ಟ್ರಕ್ಕೆ ಅರ್ಪಣೆಯಾದದ್ದು 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಕೈಯಿಂದ. ಒಂದು ಅಡಿಗಲ್ಲಿಗೂ ಒಂದು ಅರ್ಪಣೆಗೂ ನಡುವೆ 42 ವರ್ಷ. ಇಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮದ ಅತಿಥಿಗೃಹಗಳಿವೆ, ಉದ್ಯಾನಗಳಿವೆ, ಸಂಜೆಗೆ ಸಂಗೀತ ಕಾರಂಜಿ ಇದೆ. ಬೀಳಗಿಯಿಂದ ಕಾರಿನಲ್ಲಿ ಹೋಗುವವರು ಕೋಲ್ಹಾರ ಸೇತುವೆ ದಾಟಿ ನಿಡಗುಂದಿಯ ಕಡೆ ತಿರುಗಬೇಕು. ಬಸ್ಸಿನವರಿಗೆ ಇದಕ್ಕಿಂತ ಸೊಗಸಾದ ದಾರಿ ಇದೆ. ಬಾಗಲಕೋಟೆಗೆ ಬಂದು ವಿಜಯಪುರದ ಕಡೆಯ ರೈಲು ಹಿಡಿದರೆ, ಅದು ಕೃಷ್ಣೆಯನ್ನು ದಾಟಿ ಆಲಮಟ್ಟಿ ನಿಲ್ದಾಣದಲ್ಲಿ ಇಳಿಸುತ್ತದೆ. ಆಲಮಟ್ಟಿಯಿಂದ ಕೆಳಗೆ ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮ. ಬಸವಣ್ಣನವರ ಐಕ್ಯಸ್ಥಳ. ನದಿಯ ನೀರಿನ ನಡುವೆ ಬಾವಿಯಂಥ ಗೋಡೆ ಕಟ್ಟಿ, ಒಳಗೆ ಐಕ್ಯಮಂಟಪವನ್ನು ಉಳಿಸಿಕೊಂಡಿದ್ದಾರೆ. ಅಲ್ಲಿ ಯಾತ್ರಿ ನಿವಾಸವೂ ದಾಸೋಹವೂ ಇವೆ. ಬಾಗಲಕೋಟೆ, ಹುನಗುಂದದಿಂದ ಬಸ್ಸು ಸಿಗುತ್ತದೆ. ಕಡಿಮೆ ಖರ್ಚಿನಲ್ಲಿ ಮನೆಮಂದಿಯೆಲ್ಲ ಹೊಳೆದಂಡೆಯಲ್ಲಿ ಒಂದು ರಾತ್ರಿ ಕಳೆಯಲು ಈ ಎರಡರಲ್ಲಿ ಕೂಡಲಸಂಗಮವೇ ಮೇಲು.

ದಾರಿ, ವಾಹನ, ವಸತಿ, ಮೂರೂ ಆದವು. ಉಳಿದದ್ದು ಅಜ್ಜಿಯ ಪ್ರಶ್ನೆ. ಬ್ರಿಡ್ಜ್ ಮೇಲೆ ನೀರು ಬಂದಿದೆಯೇ?

ಈ ಪ್ರಶ್ನೆಗೆ ಉತ್ತರ ಹೇಳುವ ಮಳೆ ಇಲ್ಲಿ ಬೀಳುವುದಿಲ್ಲ. ಜಮಖಂಡಿಯಲ್ಲಿ ಬಿಸಿಲಿದ್ದರೂ ಕೃಷ್ಣೆ ಉಕ್ಕಬಹುದು. ಅವಳ ನೀರು ಮಹಾರಾಷ್ಟ್ರದ ಘಟ್ಟಗಳಿಂದ ಬರುತ್ತದೆ. ಕೊಯ್ನಾ ಜಲಾಶಯದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಹರಿಯಿತು, ಹಿಪ್ಪರಗಿ ಬ್ಯಾರೇಜಿಗೆ ಎಷ್ಟು ಬಂತು. ಮಳೆಗಾಲದ ವಾರ್ತೆಯಲ್ಲಿ ಈ ಅಂಕಿಗಳು ಕ್ಯುಸೆಕ್ ಲೆಕ್ಕದಲ್ಲಿ ಬರುತ್ತವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಹೊರಗೆ ಬಿಟ್ಟದ್ದು 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು. ಘಟಪ್ರಭೆಗೆ ಹಿಡಕಲ್ ಜಲಾಶಯದ ನೀರು. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು. 2005, 2019, 2021, ಈ ವರ್ಷಗಳನ್ನು ಹೊಳೆದಂಡೆಯ ಊರುಗಳು ಮರೆತಿಲ್ಲ.

ಮೇಲೆ ಬಿಟ್ಟ ನೀರು ಇಲ್ಲಿ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಆ ಹೊತ್ತೇ ಪ್ರಯಾಣಿಕರ ಕೈಯಲ್ಲಿರುವ ಅವಕಾಶ. ಬೆಳಗಿನ ವಾರ್ತೆಯಲ್ಲಿ ಅಂಕಿ ಏರಿದ್ದು ಕೇಳಿದರೆ ಹೊರಡುವುದನ್ನು ಒಂದು ದಿನ ಮುಂದೂಡಬಹುದು. ಇಲ್ಲವೆ ಕುಡಚಿಯ ಒಣದಾರಿ ಹಿಡಿಯಬಹುದು. ಸೇತುವೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿದ್ದರೆ, ಮುಂದಿನ ಗಾಡಿ ದಾಟಿತು ಎಂದು ಹಿಂದಿನ ಗಾಡಿ ಇಳಿಯಬಾರದು. ನೀರಿನ ಕೆಳಗೆ ಕಟಾಂಜನ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ಕೊನೆಯದಾಗಿ ಒಂದು ಬೇಡಿಕೆ, ಅಧಿಕಾರದಲ್ಲಿ ಇರುವವರಿಗೆ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಈ ನಾಲ್ಕೂ ಬಸ್ ನಿಲ್ದಾಣಗಳಲ್ಲಿ ವಿಚಾರಣೆ ಕಿಟಕಿಯ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಾ ಬೆಳಗ್ಗೆ ಅದರ ಮೇಲೆ ಮೂರು ಸಾಲು ಬರೆಯಬೇಕು. ಇಂದು ಯಾವ ಸೇತುವೆ ತೆರೆದಿದೆ, ಯಾವುದು ಮುಚ್ಚಿದೆ, ಬಸ್ಸು ಯಾವ ಊರಿನ ಮೇಲೆ ಹೋಗುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಹಲಗೆ, ಒಂದಿಷ್ಟು ಸೀಮೆಸುಣ್ಣ, ಬೆಳಗ್ಗೆ ಐದು ನಿಮಿಷ. ಓದು ಬಾರದ ಅಜ್ಜಿಗೆ ಪಕ್ಕದಲ್ಲಿ ನಿಂತವರು ಓದಿ ಹೇಳುತ್ತಾರೆ. ಮುಂದಿನ ಮುಂಗಾರಿಗೆ ಮೊದಲೇ ಈ ಹಲಗೆಗಳು ಗೋಡೆ ಏರಲಿ.